ಎರೆ ಮಣ್ಣಿನ ಕೆರೆಯಲ್ಲಿ ಹೂಳು ಅಳೆದ ನನ್ನ ಅನುಭವ

ಶಬ್ದ ಕಳಿಸಿ ನೀರಿನ ಆಳ ತೋರಿಸುವ, ಮೀನು ಹುಡುಕುವವರ ಒಂದು ಸಣ್ಣ ಸೋನಾರ್, ಒಂದು ಜಿಐ ಕಬ್ಬಿಣದ ಪೈಪು, ಅದರ ತುದಿಗೆ ಕಬ್ಬಿಣದ ತಟ್ಟೆ. ಇಷ್ಟರಲ್ಲೇ ಕೆರೆಯ ಹೂಳು ಅಳೆಯುತ್ತೇನೆ ಅಂದಾಗ ನಮ್ಮ ಲೈನಿನವರೇ ನಕ್ಕಿದ್ದರು. ಈಗ ವಿಜಯಪುರ, ಬಾಗಲಕೋಟೆ ಕಡೆ ಹತ್ತಾರು ಕೆರೆಗಳನ್ನು ಹೀಗೇ ಅಳೆದಿದ್ದೇನೆ. ಒಂದು ಕೆರೆ ಬತ್ತಿದ ಮೇಲೆ ನೆಲದ ಏರುತಗ್ಗು ಅಳೆಯುವ ಆಟೋ ಲೆವೆಲ್ ಇಟ್ಟು ತಾಳೆ ನೋಡಿದ್ದೂ ಆಗಿದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಬೆಂಚ್ ಮಾರ್ಕು, ಗ್ರಿಡ್ಡು, ಲೆವೆಲ್ ಬುಕ್ಕು ಇವೆಲ್ಲ ಸರ್ವೆಯ ಮಾಮೂಲಿ ಸಂಗತಿ, ಅದನ್ನು ಬಿಡುತ್ತೇನೆ.

ಡಿಪ್ಲೊಮಾ ಮುಗಿಸಿ ಸ್ಟಾಫ್ (ಸರ್ವೆಯ ಅಳತೆ ಪಟ್ಟಿ) ಹಿಡಿಯುವ ಹುಡುಗನಾಗಿ ಈ ಕೆಲಸಕ್ಕೆ ಬಂದವನು ನಾನು. ಮೊದಲ ವರ್ಷಗಳೆಲ್ಲ ಆಲಮಟ್ಟಿ ಹಿನ್ನೀರಿನಲ್ಲೇ ಹೋದವು. 519.60 ಮೀಟರ್, ಅಂದರೆ ಆ ಜಲಾಶಯ ತುಂಬಿದಾಗಿನ ಮಟ್ಟ, ಅನ್ನುವ ಸಂಖ್ಯೆ ನಮ್ಮ ಕಡೆಯ ಸರ್ವೆಯವರಿಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಮುಳುಗಡೆಯಾದ ಹಳ್ಳಿಗಳ ಮೇಲೆ ದೋಣಿ ಓಡಿಸಿ, ನೀರೊಳಗಿನ ಮರಕ್ಕೆ ಹಗ್ಗ ಸಿಕ್ಕಿಸಿಕೊಂಡು, ಘಟಪ್ರಭೆ ಕೃಷ್ಣೆ ಎರಡರಲ್ಲೂ ಹರಿವಿನ ವೇಗ ಅಳೆಯುವ ಕರೆಂಟ್ ಮೀಟರ್ ಇಳಿಸಿ ಕೈ ಪಳಗಿತು. ಆಮೇಲೆ ಸ್ವಂತವಾಗಿ ಕೆರೆ ಕೆಲಸ ಹಿಡಿದೆ. ಕೃಷ್ಣೆಯ ನೀರನ್ನು ಎತ್ತಿ ಕಾಲುವೆಯಿಂದ ಕೆರೆ ತುಂಬಿಸುವ ಕೆಲಸ ವಿಜಯಪುರ ಜಿಲ್ಲೆಯಲ್ಲಿ ಜೋರಾಗಿತ್ತು. ಕೆರೆಗೆ ಎಷ್ಟು ನೀರು ಹಿಡಿಯುತ್ತದೆ, ಹೂಳು ಎಷ್ಟಿದೆ ಅಂತ ಎಲ್ಲರೂ ಕೇಳುವವರೇ.

ಮೊದಲು ಶಬ್ದದಿಂದಲೇ ಆಳ ಅಳೆಯುವ ದೊಡ್ಡ ಯಂತ್ರ, ಎಕೋ ಸೌಂಡರನ್ನೇ ಬಾಡಿಗೆಗೆ ತಂದೆ. ಕೊಳ್ಳಲು ಆರೇಳು ಲಕ್ಷ, ಅದು ನನ್ನ ಕೈಲಿ ಆಗದ ಮಾತು. ಬಾಡಿಗೆಗೆ ದಿನಕ್ಕೆ ಒಂಬತ್ತು ಹತ್ತು ಸಾವಿರ, ಜೊತೆಗೆ ಬರುವ ಹುಡುಗನ ಊಟ, ಲಾಡ್ಜು ನಮ್ಮದೇ. ನದಿಯ ಮರಳು, ಬಂಡೆಯ ತಳದ ಮೇಲೆ ಆ ಯಂತ್ರಕ್ಕೆ ಹೆಸರಿಡುವ ಹಾಗಿಲ್ಲ. ಆದರೆ ಬಸವನ ಬಾಗೇವಾಡಿ ಕಡೆಯ ಒಂದು ಕೆರೆಗೆ ಇಳಿಸಿದಾಗ ತಳದ ಗೆರೆಯೇ ನಿಲ್ಲಲಿಲ್ಲ. ಅದೇ ಜಾಗದಲ್ಲಿ ಬೆಳಿಗ್ಗೆ ಒಂದು ಆಳ, ಸಂಜೆ ಒಂದು ಆಳ. ಎರೆ ಮಣ್ಣಿನ, ಅಂದರೆ ಕರಿ ಮಣ್ಣಿನ ಹೂಳು ಗಟ್ಟಿಯಾಗಿ ಕೂರುವುದಿಲ್ಲ, ಮೇಲೆ ಒಂದಡಿ ಒಂದೂವರೆ ಅಡಿ ಬರೀ ರಾಡಿ. 200 ಕಿಲೋಹರ್ಟ್ಸ್ ಶಬ್ದ ಆ ರಾಡಿಯ ಮೇಲ್ಪದರಕ್ಕೇ ಬಡಿದು ವಾಪಸ್ ಬರುತ್ತದೆ. ತೆಪ್ಪ ಹಾಕುತ್ತಿದ್ದ ಅಂಬಿಗರ ಕಾಕಾ ನೋಡಿ ಹೇಳಿದ್ದು: "ಸರ್ರ, ನಿಮ್ಮ ಮಷೀನ್ ಕೆನಿ ಅಷ್ಟ ಅಳೀತೈತ್ರಿ, ಹಾಲು ಕೆಳಗ ಐತಿ." ಅವರು ಗಳ ಊರಿ ತೋರಿಸಿದರೆ ನನ್ನ ಯಂತ್ರಕ್ಕಿಂತ ಒಂದಡಿ ಜಾಸ್ತಿ.

ಒಂದಡಿ ಅಂದರೆ ಸುಮ್ನೆ ಅಲ್ಲ. ನೂರು ಎಕರೆ ಕೆರೆಯಲ್ಲಿ ಒಂದಡಿ ಫರಕು ಬಂದರೆ ಹತ್ತಿರ ಹತ್ತಿರ 4.36 ಎಂಸಿಎಫ್‌ಟಿ (ದಶಲಕ್ಷ ಘನ ಅಡಿ), ಅಂದರೆ 1.23 ಲಕ್ಷ ಘನ ಮೀಟರ್. ಟಿಪ್ಪರ್ ಲೆಕ್ಕ ಹಾಕಿ ನೋಡಿ. ಆ ಕೆಲಸದಲ್ಲಿ ಹೂಳು ತೆಗೆಯುವ ಗುತ್ತಿಗೆದಾರರಿಗೆ ಯಂತ್ರದ ಅಂಕಿಯೇ ಬೇಕಿತ್ತು. ಆಳ ಕಡಿಮೆ ಬಂದರೆ ಹೂಳು ಜಾಸ್ತಿ ಕಾಣುತ್ತದೆ, ಹೂಳು ಜಾಸ್ತಿ ತೋರಿಸಿದಷ್ಟೂ ಬಿಲ್ಲು ಜಾಸ್ತಿ, ಅಲ್ವಾ. ನಾನು ಗಳದ ಅಂಕಿ ಕೊಡುತ್ತೇನೆ ಅಂತ ಹಟ ಹಿಡಿದೆ. ಆ ಕೆಲಸದ ಬಾಕಿ ಇವತ್ತಿಗೂ ಪೂರ್ತಿ ಬಂದಿಲ್ಲ, ಮೂವತ್ತೋ ಮೂವತ್ತೈದೋ ಸಾವಿರ.

ಮುಂದೆ ಎರಡು ಮಳೆಗಾಲ ಬರೀ ಗಳದ ಪ್ರಯೋಗವೇ. ಬಿದಿರು ನೀರಲ್ಲಿ ತೇಲುತ್ತದೆ, ನೇರ ನಿಲ್ಲುವುದಿಲ್ಲ. ಪಿವಿಸಿ ಪೈಪು ಗಾಳಿಗೆ ಬಾಗುತ್ತದೆ. ಅರ್ಧ ಇಂಚಿನ ಜಿಐ ಪೈಪು ರಾಡಿಯಲ್ಲಿ ಸಿಕ್ಕಿ ಎತ್ತುವಾಗ ಸೊಟ್ಟಗಾಯಿತು. ಕೊನೆಗೆ ಒಂದಿಂಚಿನದು, ಮಧ್ಯೆ ಸಾಕೆಟ್ ಹಾಕಿ ಎರಡು ತುಂಡು ಮಾಡಿದ್ದು, ನಿಂತಿತು. ತಟ್ಟೆ ಇಲ್ಲದೆ ಊರಿದರೆ ಒಬ್ಬೊಬ್ಬರ ತೋಳಬಲಕ್ಕೆ ಒಂದೊಂದು ಆಳ ಬರುತ್ತದೆ. ತಟ್ಟೆ ದೊಡ್ಡದಾದರೆ ರಾಡಿಯ ಮೇಲೇ ಕೂತುಬಿಡುತ್ತದೆ. ಕೈ ಬಿಟ್ಟರೆ ತನ್ನ ತೂಕಕ್ಕೇ ಇಳಿದು, ನೀರಿನಂಥ ರಾಡಿ ದಾಟಿ, ಸಲಿಕೆಗೆ ಸಿಗುವ ಹೂಳಿನ ಮೇಲೆ ನಿಲ್ಲಬೇಕು. ತಟ್ಟೆಯ ಅಗಲ, ಪೈಪಿನ ತೂಕ ಎಷ್ಟು ಅಂತ ಮಾತ್ರ ಕೇಳಬೇಡಿ. ಎರಡು ವರ್ಷ ತಿಂದ ಲೆಕ್ಕ ಅದು, ನೀವೂ ಸ್ವಲ್ಪ ತಿನ್ನಿ.

ತಟ್ಟೆ ತೆಗೆದು ಮೊನೆ ಹಾಕಿ ಅದೇ ಜಾಗದಲ್ಲಿ ಒತ್ತಿದರೆ ಹಳೆಯ ತಳ ಸಿಗುತ್ತದೆ. ಎರಡರ ನಡುವಿನ ಅಂತರವೇ ಹೂಳು. ಕೆಳಗೆ ಗರಸು ಇದ್ದರೆ ಟಕ್ ಅನ್ನುತ್ತದೆ, ಕಷ್ಟವೇ ಇಲ್ಲ. ಎರೆ ಹೊಲವನ್ನೇ ಕೆರೆ ಮಾಡಿದ್ದರೆ ಮೇಲೂ ಕರಿ ಮಣ್ಣು, ಕೆಳಗೂ ಕರಿ ಮಣ್ಣು. ಆಗ ಸುಣ್ಣದ ಹರಳು ಹುಡುಕಬೇಕು. ಹೊಲದ ಮಣ್ಣಲ್ಲಿ ಅದು ಬೇಕಾದಷ್ಟು ಇರುತ್ತದೆ. ಹೊಳೆ ಹಳ್ಳದಿಂದ ತೇಲಿ ಬಂದು ಕೂತ ನುಣುಪು ಹೂಳಲ್ಲಿ ಕಡಿಮೆ. ಪೈಪಿನ ಬಾಯಿಗೆ ಬಂದ ಮಣ್ಣನ್ನು ಬೆರಳಲ್ಲಿ ಉಜ್ಜಿದರೆ ತಿಳಿಯುತ್ತದೆ.

ಹಾಗಾದರೆ ಸೋನಾರ್ ಯಾಕೆ ಅಂತೀರಿ. ಗಳದಿಂದ ಇಡೀ ಕೆರೆ ಊರುತ್ತಾ ಕೂತರೆ ಕೂಲಿಯವರ ಪಗಾರಕ್ಕೇ ಬಿಲ್ಲು ಮುಗಿಯುತ್ತದೆ. ಸೋನಾರಿನಿಂದ ಸಾಲು ಸಾಲಾಗಿ ಆಳ ತೆಗೆಯುತ್ತೇನೆ. ಅದಕ್ಕೆ ಇಪ್ಪತ್ತೆರಡು ಸಾವಿರದ ಆಸುಪಾಸು ಕೊಟ್ಟ ನೆನಪು. ಏರಿಯ ಹತ್ತಿರ, ನಡುವೆ, ನೀರು ಒಳಬರುವ ಬಾಯಿಯಲ್ಲಿ ಬೇರೆ ಬೇರೆಯಾಗಿ ಗಳ ಊರಿ, ಸೋನಾರಿನ ಆಳಕ್ಕೂ ಗಳದ ಆಳಕ್ಕೂ ಇರುವ ಫರಕು ತೆಗೆದು, ಆಯಾ ಭಾಗದ ಸೋನಾರ್ ಆಳಕ್ಕೆ ಕೂಡಿಸುತ್ತೇನೆ. ಮೂರಕ್ಕೂ ಒಂದೇ ಫರಕು ಹಾಕಿದರೆ ಕೆಟ್ಟಿತು. ಏರಿ ಕಡೆ ರಾಡಿ ದಪ್ಪ, ಬಾಯಿಯ ಕಡೆ ಉಸುಕು ಬೆರೆತು ತೆಳುವಾಗಿರುತ್ತದೆ. ಮೊಣಕಾಲುದ್ದದ ನೀರಲ್ಲಿ ಸೋನಾರ್ ಬರೀ ಸುಳ್ಳು ಹೇಳುತ್ತದೆ, ಅಲ್ಲಿ ಇಳಿದು ನಡೆಯುವುದೇ. ನೀರಿನ ಮಟ್ಟವನ್ನು ಕೋಡಿಯ ಮಟ್ಟಕ್ಕೆ ಹೋಲಿಸಿ ದಿನವೂ ಬರೆದಿಡಬೇಕು.

ತೇಲುವುದಕ್ಕೆ ಲಾರಿ ಟ್ಯೂಬು, ಮೇಲೆ ಹಲಗೆ ಕಟ್ಟಿ ನೋಡಿದ್ದೆ. ಖರ್ಚು ಎರಡೂವರೆ ಸಾವಿರವೂ ಆಗಿರಲಿಲ್ಲ, ಬಹಳ ಹೆಮ್ಮೆ ಇತ್ತು. ನೀರಲ್ಲಿ ಮುಳುಗಿದ ಬಳ್ಳಾರಿ ಜಾಲಿಯ ಮುಳ್ಳು ಮೊದಲ ವಾರವೇ ಅದನ್ನು ಮುಗಿಸಿತು. ತೆಪ್ಪವೇ ವಾಸಿ. ಗಾಳಿ ಏಳುವ ಮುಂಚೆ, ಬೆಳಿಗ್ಗೆ ಒಂಬತ್ತರೊಳಗೆ ಸಾಲು ಮುಗಿಸಬೇಕು. ಆಮೇಲೆ ತೆಪ್ಪ ಗಿರಗಿರ ತಿರುಗುತ್ತದೆ.

ಶಬ್ದದ ವೇಗ ತಿದ್ದಿದ್ದೀರಾ ಅಂತ ಒಬ್ಬ ಹಿರಿಯ ಎಂಜಿನಿಯರು ಸಭೆಯಲ್ಲಿ ಕೇಳಿದ್ದರು. 20 ಡಿಗ್ರಿ ನೀರಲ್ಲಿ ಸೆಕೆಂಡಿಗೆ ಸುಮಾರು 1482 ಮೀಟರ್, 30 ಡಿಗ್ರಿಯಲ್ಲಿ ಸುಮಾರು 1509. ಮೂರು ಮೀಟರ್ ಆಳದ ಕೆರೆಯಲ್ಲಿ ಇದರಿಂದ ಐದಾರು ಸೆಂಟಿಮೀಟರ್ ಹೆಚ್ಚುಕಮ್ಮಿ, ಅದೂ ಇಡೀ ಹತ್ತು ಡಿಗ್ರಿ ತಪ್ಪಿದರೆ. ಒಂದಡಿ ರಾಡಿ ಬಿಟ್ಟು ಇದನ್ನು ಹಿಡಿದುಕೊಂಡು ಕೂರುವುದು ಸಭೆಗೆ ಚೆಂದ.

ತಾಳೆ ನೋಡುವ ಅವಕಾಶ ಒಂದು ಬರದ ಬೇಸಿಗೆಯಲ್ಲಿ ಸಿಕ್ಕಿತು. ನಾನು ಅಳೆದ ಕೆರೆಯೇ ಬತ್ತತೊಡಗಿತು. ನೀರು ಹಿಂದೆ ಸರಿದ ಬೆನ್ನಿಗೇ, ಹಸಿ ಇರುವಾಗಲೇ, ಹಲಗೆ ಹಾಸಿಕೊಂಡು ಲೆವೆಲ್ ಓಡಿಸಿದೆ. ಇದು ಮುಖ್ಯ. ಎರೆ ಹೂಳು ಒಣಗಿದರೆ ಕುಗ್ಗುತ್ತದೆ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೂರು ವಾರ ಬಿಟ್ಟು ಅದೇ ಜಾಗಗಳನ್ನು ಮತ್ತೆ ಅಳೆದರೆ ತಳ ಅರ್ಧ ಅಡಿ ಕೆಳಗೆ ಹೋಗಿತ್ತು! ಬತ್ತಿದ ಮೇಲೆ ಆರಾಮಾಗಿ ಬಂದು ಲೆವೆಲ್ ಇಟ್ಟವರು ಕೆರೆಗೆ ಇಲ್ಲದ ನೀರು ತೋರಿಸುತ್ತಾರೆ. ಹಸಿ ತಳದ ಲೆಕ್ಕಕ್ಕೂ ನನ್ನ ಗಳ-ಸೋನಾರ್ ಲೆಕ್ಕಕ್ಕೂ ಇದ್ದ ಫರಕು ನೂರಕ್ಕೆ ಮೂರೋ ನಾಲ್ಕೋ. ಬರೀ ಸೋನಾರ್ ನಂಬಿದ್ದರೆ ಹದಿನೈದರ ಹತ್ತಿರ ತಪ್ಪುತ್ತಿತ್ತು. ನಕ್ಕವರಲ್ಲಿ ಇಬ್ಬರು ಈಗ ಪೈಪು ಮಾಡಿಸಿಕೊಂಡಿದ್ದಾರೆ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ನೀರಿನ ಉಪ್ಪು ಹೆಚ್ಚಿದಷ್ಟೂ ಹೆಚ್ಚು ಅಂಕಿ ತೋರಿಸುವ, ಎರಡು ಸಾವಿರ ರೂಪಾಯಿಯ ಕಂಡಕ್ಟಿವಿಟಿ ಪೆನ್ನೊಂದನ್ನು ಜೇಬಲ್ಲಿಟ್ಟುಕೊಂಡು ಹೋದಲ್ಲೆಲ್ಲ ಅದ್ದುತ್ತಿದ್ದೆ. ಡೋಣಿ ನದಿಯ ಬೇಸಿಗೆ ಮಡುವಿನಲ್ಲಿ ಅದು ಸೆಂಟಿಮೀಟರಿಗೆ ಮೂರು ಸಾವಿರ ಮೈಕ್ರೊಸೀಮನ್ಸ್ ದಾಟಿತ್ತು. ನೀರಾವರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಮಿತಿ 2250. ಡೋಣಿಯ ಉಪ್ಪು ಆ ಕಡೆಯ ರೈತರಿಗೆ ಹೊಸದೇನಲ್ಲ. ನನಗೆ ಖುಷಿ ಕೊಟ್ಟದ್ದು ಕಾಲುವೆ ನೀರು ತುಂಬಿದ ಒಂದು ಕೆರೆ. ತುಂಬಿದಾಗ 400ರ ಸುತ್ತ ಇತ್ತು. ಮಳೆ ಇಲ್ಲದ ತಿಂಗಳುಗಳಲ್ಲಿ ನೀರು ಅರ್ಧಕ್ಕೆ ಇಳಿಯಿತು. ಆವಿಯಾಗಿಯೇ ಹೋಗಿದ್ದರೆ ಉಪ್ಪೆಲ್ಲ ಉಳಿದು 800 ಆಗಬೇಕಿತ್ತು. ಇದ್ದದ್ದು 500. ಇಂಗುವ ನೀರು ಉಪ್ಪನ್ನೂ ಜೊತೆಗೇ ಒಯ್ಯುತ್ತದೆ. ಅಂದರೆ ಹೋದ ನೀರಿನಲ್ಲಿ ಮೂರರಲ್ಲಿ ಎರಡು ಪಾಲು ನೆಲಕ್ಕೆ ಇಂಗಿದೆ. ಏರಿಯ ಕೆಳಗಿನ ಬಾವಿಗಳಲ್ಲಿ ನೀರು ಏರಿದ್ದಕ್ಕೂ ಇದು ಹೊಂದುತ್ತಿತ್ತು. ಆದರೆ ಯಾರಾದರೂ ರಾತ್ರಿ ಕೆರೆಗೆ ಪಂಪ್‌ಸೆಟ್ ಹಚ್ಚಿದ್ದರೆ ಅದೂ ಇಂಗಿದ ಲೆಕ್ಕಕ್ಕೇ ಸೇರುತ್ತದೆ, ಅದನ್ನು ನೆನಪಿಡಿ. ಈ ಕೆಲಸಕ್ಕೆ ಯಾರೂ ದುಡ್ಡು ಕೊಡಲಿಲ್ಲ. ವರದಿಯ ಕೊನೆಗೆ ಒಂದು ಪುಟ ಸೇರಿಸಿ ಕೊಟ್ಟೆ, ಯಾರಾದರೂ ಓದಿದರೋ ಇಲ್ಲವೋ.

ನೂರು ಎಕರೆಯ ಕೆರೆಗೆ ಈಗ ತೆಪ್ಪ, ಕೂಲಿ, ನಕ್ಷೆ ಸೇರಿ ಮೂವತ್ತೆಂಟು ನಲವತ್ತು ಸಾವಿರ ಹೇಳುತ್ತೇನೆ. ಕೈಗೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಮುಂಗಡ ಇಲ್ಲದೆ ತೆಪ್ಪ ಹತ್ತುವುದಿಲ್ಲ. ಐದು ಮೀಟರಿಗಿಂತ ಆಳ ಇದ್ದರೆ ಕೆಲಸ ಒಪ್ಪುವುದಿಲ್ಲ, ಪೈಪು ಬಾಗಿ ಲೆಕ್ಕ ಕೆಡುತ್ತದೆ. ಹಿನ್ನೀರಿನ ಅಂಥ ಆಳಕ್ಕೆ 33 ಮತ್ತು 200 ಕಿಲೋಹರ್ಟ್ಸ್ ಎರಡೂ ಇರುವ ಯಂತ್ರವೇ ಬೇಕು. ಅದರ ಬಾಡಿಗೆ ಕೊಡುವವರು ಸಿಕ್ಕಾಗ ಮಾತ್ರ ಆ ಕಡೆ ಹೋಗುತ್ತೇನೆ.