ಆಂಟಿಬಯೋಟಿಕ್ ಆದ ಮೇಲೆ ಭೇದಿ: ಕೊಲೊನೋಸ್ಕೋಪಿ ಯಾವಾಗ ಬೇಕು?

ಹಲ್ಲು ನೋವಿಗೋ ಕೆಮ್ಮಿಗೋ ಆಂಟಿಬಯೋಟಿಕ್ ನುಂಗಿದ ಮೇಲೆ ಹೊಟ್ಟೆ ಕೆಡುವುದು ಹೊಸದಲ್ಲ. ಹೆಚ್ಚಿನವರಿಗೆ ಮಾತ್ರೆ ಮುಗಿದರೆ ಹೊಟ್ಟೆಯೂ ಸರಿಹೋಗುತ್ತದೆ. ಕೆಲವರಿಗೆ ಮಾತ್ರ ದಿನಕ್ಕೆ ಮೂರು, ನಾಲ್ಕು, ಹತ್ತು ಸಲ ನೀರು ಭೇದಿ. ಜೊತೆಗೆ ಹೊಟ್ಟೆ ಕಿವುಚುವ ನೋವು, ಜ್ವರ. ಇದು ಕೊಲೈಟಿಸ್ ಇರಬಹುದು, ಅಂದರೆ ದೊಡ್ಡ ಕರುಳಿನ ಉರಿಯೂತ. ಆಗ ಮನೆಯವರು ಕೇಳುವುದು ಒಂದೇ: ‘ಸ್ಕೋಪಿ ಮಾಡಿಸಿಬಿಡೋಣ್ವಾ?’ ಅಂದರೆ ಕೊಲೊನೋಸ್ಕೋಪಿ, ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವುದು. ಮಾಡಿಸಬಹುದು, ಆದರೆ ಅದರ ಸರದಿ ಬಂದಾಗ.

ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಆಂಟಿಬಯೋಟಿಕ್ ಕೊಲ್ಲುತ್ತದೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಡಾಕ್ಟರುಗಳು ಇದನ್ನು ಸಿ ಡಿಫ್ ಅನ್ನುತ್ತಾರೆ. ಇದು ಬಿಡುವ ವಿಷ ಕರುಳಿನ ಒಳಪದರವನ್ನು ಸುಡುತ್ತದೆ. 1974ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕ್ಲಿಂಡಾಮೈಸಿನ್ ಎಂಬ ಆಂಟಿಬಯೋಟಿಕ್ ತೆಗೆದುಕೊಂಡ 200 ರೋಗಿಗಳನ್ನು ಗಮನಿಸಿದರು. ಭೇದಿಯಾದವರಿಗೆ ಸ್ಕೋಪ್ ಹಾಕಿ ನೋಡಿದಾಗ, ಒಟ್ಟು ರೋಗಿಗಳಲ್ಲಿ ಹತ್ತಕ್ಕೆ ಒಬ್ಬರಿಗೆ ಕೊಲೈಟಿಸ್ ಇತ್ತು. ಆಗ ಕಾರಣ ಗೊತ್ತಿರಲಿಲ್ಲ, ಸ್ಕೋಪ್ ಬಿಟ್ಟರೆ ಬೇರೆ ದಾರಿಯೂ ಇರಲಿಲ್ಲ. 1978ರಲ್ಲಿ ಸಿ ಡಿಫ್ ಸಿಕ್ಕಿಬಿತ್ತು. ಆಮೇಲೆ ಮಲ ಪರೀಕ್ಷೆಯೇ ಮುಂದೆ ಬಂತು.

ಮೊದಲು ಮಾತ್ರೆಯ ಲೆಕ್ಕ ಕೊಡಿ. ಹಿಂದಿನ ಮೂರು ತಿಂಗಳಲ್ಲಿ ನುಂಗಿದ್ದೆಲ್ಲ ಬೇಕು. ಹಲ್ಲಿನ ಡಾಕ್ಟರು ಕೊಟ್ಟದ್ದು, ಚೀಟಿಯಿಲ್ಲದೆ ಮೆಡಿಕಲ್ ಶಾಪ್‌ನಲ್ಲಿ ತಂದದ್ದು ಎಲ್ಲವೂ. ಖಾಲಿ ಸ್ಟ್ರಿಪ್ ಇದ್ದರೆ ಅದನ್ನೇ ತೋರಿಸಿ. ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆ ನೀವಾಗಿಯೇ ತಗೋಬೇಡಿ. ಓಆರ್‌ಎಸ್ ಕುಡಿಯುತ್ತಿರಿ.

ಆಮೇಲೆ ಮಲ ಪರೀಕ್ಷೆ. ನೀರಾದ ಮಲವನ್ನೇ ಕೊಡಬೇಕು, ಗಟ್ಟಿ ಮಲದಲ್ಲಿ ನೋಡಿ ಪ್ರಯೋಜನವಿಲ್ಲ. ಹೊರಗಿಟ್ಟರೆ ವಿಷದ ಅಂಶ ಕೆಡುತ್ತದೆ, ಹಾಗಾಗಿ ಡಬ್ಬಿಯನ್ನು ಬೇಗ ಲ್ಯಾಬ್‌ಗೆ ಮುಟ್ಟಿಸಿ. ಲ್ಯಾಬ್‌ನವರು ಜಿಡಿಎಚ್ (ಸಿ ಡಿಫ್ ಇರುವುದನ್ನು ತೋರಿಸುವ ಪ್ರೋಟೀನ್) ಮತ್ತು ಟಾಕ್ಸಿನ್ (ಅದು ಬಿಡುವ ವಿಷ) ಎರಡನ್ನೂ ನೋಡುತ್ತಾರೆ. ಎರಡೂ ಒಂದಕ್ಕೊಂದು ಹೊಂದದಿದ್ದರೆ ಪಿಸಿಆರ್, ಅಂದರೆ ವಿಷ ತಯಾರಿಸುವ ಜೀನ್ ಹುಡುಕುವ ಪರೀಕ್ಷೆ. ಪಿಸಿಆರ್ ಒಂದೇ ಪಾಸಿಟಿವ್ ಬಂದರೆ ಗಾಬರಿಯಾಗಬೇಡಿ, ಕಾಯಿಲೆ ಇಲ್ಲದವರ ಹೊಟ್ಟೆಯಲ್ಲೂ ಈ ಬ್ಯಾಕ್ಟೀರಿಯಾ ಸುಮ್ನೆ ಕೂತಿರಬಹುದು. ರಕ್ತದಲ್ಲಿ ಬಿಳಿ ಕಣ 15,000 ಮುಟ್ಟಿದರೆ, ಇಲ್ಲವೇ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯೇಟಿನಿನ್ 1.5 ದಾಟಿದರೆ ಕಾಯಿಲೆ ತೀವ್ರವಾಗಿದೆ ಎಂದು ಲೆಕ್ಕ.

ಇಷ್ಟಾದ ಮೇಲೆ ಸ್ಕೋಪಿ. ಮಲದ ರಿಪೋರ್ಟ್ ನೆಗೆಟಿವ್, ಆದರೂ ಡಾಕ್ಟರಿಗೆ ಅನುಮಾನ ಹೋಗಿಲ್ಲ. ಅಥವಾ ಔಷಧಿ ಕೊಟ್ಟರೂ ಭೇದಿ ನಿಲ್ಲುತ್ತಿಲ್ಲ. ಆಗ ಕೊಲೊನೋಸ್ಕೋಪಿಗೆ ಅರ್ಥವಿದೆ. ಸಿ ಡಿಫ್ ಜೋರಾಗಿದ್ದರೆ ಕರುಳಿನ ಗೋಡೆಯ ಮೇಲೆ ಹಳದಿ ಮಿಶ್ರಿತ ಬಿಳಿ ಚಕ್ಕೆಗಳು ಅಂಟಿಕೊಂಡಿರುತ್ತವೆ, ನೀರು ಚಿಮ್ಮಿಸಿದರೂ ಕಳಚುವುದಿಲ್ಲ. ಕೊನೆಯ ಭಾಗವನ್ನಷ್ಟೇ ನೋಡುವ ಸಿಗ್ಮಾಯ್ಡೋಸ್ಕೋಪಿ ಎಷ್ಟೋ ಸಲ ಸಾಕು. ಆದರೆ ಕೆಲವರಲ್ಲಿ ಚಕ್ಕೆಗಳು ದೊಡ್ಡ ಕರುಳಿನ ಬಲಭಾಗದಲ್ಲಿ ಮಾತ್ರ ಇರುತ್ತವೆ, ಅವು ಕಾಣಲು ಪೂರ್ತಿ ಕೊಲೊನೋಸ್ಕೋಪಿಯೇ ಬೇಕು.

ಇನ್ನೊಂದು ಬಗೆಯೂ ಇದೆ. ಅಮಾಕ್ಸಿಸಿಲಿನ್ ಥರದ ಮಾತ್ರೆ ಶುರುವಾದ ಕೆಲವೇ ದಿನಕ್ಕೆ ರಕ್ತ ಭೇದಿ, ಸಿ ಡಿಫ್ ಮಾತ್ರ ನೆಗೆಟಿವ್. ಇದರ ಹಿಂದೆ ಕ್ಲೆಬ್ಸಿಯೆಲ್ಲಾ ಆಕ್ಸಿಟೋಕಾ ಎಂಬ ಬ್ಯಾಕ್ಟೀರಿಯಾ ಇರಬಹುದೆಂದು 2006ರಲ್ಲಿ ಆಸ್ಟ್ರಿಯಾದ ವೈದ್ಯರು ತೋರಿಸಿದರು. ಮಾತ್ರೆ ನಿಲ್ಲಿಸಿದರೆ ಇದು ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ಸ್ಕೋಪಿ ನಿಜಕ್ಕೂ ಉಪಕಾರ ಮಾಡುವುದು ಇಂಥ ಕಡೆ.

ಹೊಟ್ಟೆ ಉಬ್ಬಿ, ಬಿಪಿ ಇಳಿದ ರೋಗಿಗೆ ಪೂರ್ತಿ ಕೊಲೊನೋಸ್ಕೋಪಿ ಅಪಾಯ. ಗಾಳಿ ತುಂಬಿದರೆ ಊದಿದ ಕರುಳು ತೂತಾಗಬಹುದು. ಅಂಥವರಿಗೆ ಸಿಟಿ ಸ್ಕ್ಯಾನ್ ಮೊದಲು.

ಸಿ ಡಿಫ್ ಚಿಕಿತ್ಸೆ. ಸಾಧ್ಯವಾದರೆ ಕಾರಣವಾದ ಆಂಟಿಬಯೋಟಿಕ್ ನಿಲ್ಲಿಸುವುದು ಮೊದಲ ಕೆಲಸ. ಅದನ್ನು ಡಾಕ್ಟರೇ ನಿರ್ಧರಿಸಲಿ. ನಂತರ ಸಿ ಡಿಫ್ ಅನ್ನೇ ಕೊಲ್ಲುವ ವ್ಯಾಂಕೊಮೈಸಿನ್, 125 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, ಹತ್ತು ದಿನ. ಬಾಯಿಂದಲೇ ಕೊಡಬೇಕು. ಇದೇ ಔಷಧಿಯನ್ನು ಡ್ರಿಪ್‌ನಲ್ಲಿ ಹಾಕಿದರೆ ಕರುಳಿನ ಒಳಗೆ ಇಳಿಯುವುದೇ ಇಲ್ಲ! ಫಿಡಾಕ್ಸೊಮೈಸಿನ್ ಇನ್ನೊಂದು ಆಯ್ಕೆ. ಇವೆರಡೂ ಸಿಗದಿದ್ದರೆ, ಕಾಯಿಲೆ ಸೌಮ್ಯವಾಗಿದ್ದವರಿಗೆ ಮೆಟ್ರೊನಿಡಜೋಲ್. ಭೇದಿ ನಿಂತ ಮೇಲೆ ಮತ್ತೆ ಮಲ ಪರೀಕ್ಷೆ ಮಾಡಿಸಬೇಡಿ. ವಾಸಿಯಾದವರಿಗೂ ಎಷ್ಟೋ ವಾರ ಪಾಸಿಟಿವ್ ಬರುತ್ತಿರುತ್ತದೆ, ಸುಮ್ನೆ ದುಡ್ಡು ದಂಡ.

ಮರುಕಳಿಸಿದರೆ? ಸುಮಾರು ಐದರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. ಪದೇ ಪದೇ ಬಂದರೆ ಸ್ಕೋಪ್‌ಗೆ ಬೇರೆಯೇ ಕೆಲಸ ಸಿಗುತ್ತದೆ. ಆರೋಗ್ಯವಂತರ ಮಲವನ್ನು ಸೋಸಿ, ಕೊಲೊನೋಸ್ಕೋಪ್ ಮೂಲಕ ರೋಗಿಯ ಕರುಳಿಗೆ ಬಿಡುತ್ತಾರೆ. ಓದಿ ಮುಖ ಸಿಂಡರಿಸಿದಿರಿ, ಅಲ್ವಾ? ಆದರೆ 2015ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನ ನೋಡಿ. ಹೀಗೆ ಮಾಡಿಸಿಕೊಂಡ 20 ಜನರಲ್ಲಿ 18 ಮಂದಿ ವಾಸಿಯಾದರು. ವ್ಯಾಂಕೊಮೈಸಿನ್ ಮಾತ್ರ ಪಡೆದ 19 ಜನರಲ್ಲಿ ವಾಸಿಯಾದವರು 5. ದಾನಿಯ ಪರೀಕ್ಷೆ ಕಟ್ಟುನಿಟ್ಟಾಗಿರಬೇಕು. ಅದು ಸರಿಯಾಗದೆ ಅಮೆರಿಕದಲ್ಲಿ ಒಬ್ಬ ರೋಗಿ ಸತ್ತಿದ್ದಾರೆ, 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಮನೆಯಲ್ಲಿ ಮಾಡುವ ಪ್ರಯೋಗವಂತೂ ಇದಲ್ಲ.

ರೋಗಿಯನ್ನು ನೋಡಿಕೊಳ್ಳುವವರಿಗೆ ಒಂದು ಮಾತು. ಸಿ ಡಿಫ್‌ನ ಬೀಜಕಣ ಸ್ಯಾನಿಟೈಸರ್‌ಗೆ ಸಾಯುವುದಿಲ್ಲ. ಪ್ರತಿ ಸಲವೂ ಸೋಪು ಹಚ್ಚಿ ನೀರಿನಲ್ಲಿ ಕೈ ತೊಳೆಯಿರಿ, ಟಾಯ್ಲೆಟ್‌ಗೆ ಬ್ಲೀಚ್ ಬಳಸಿ.