ಗೃಹಸಾಲವೂ ಬೇಗ ತೀರಬೇಕು, ತಾರಸಿ ಸೋರುವುದೂ ನಿಲ್ಲಬೇಕು: ದುಡ್ಡು ಹೊಂದಿಸುವುದು ಹೇಗೆ?

ಕೈಗೆ ನಾಲ್ಕು ಕಾಸು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಬ್ಯಾಂಕಿಗೆ ಕಟ್ಟೋಣವಾ, ಮನೆಗೆ ಹಾಕೋಣವಾ? ನಮ್ಮದು ಶಿವಮೊಗ್ಗದಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆ. ಸಾಲ ಇನ್ನೂ ನಡೆಯುತ್ತಿದೆ. ಮಳೆಗಾಲ ಬಂದರೆ ಮೆಟ್ಟಿಲ ಮೇಲಿನ ಮೂಲೆ ಸೋರುತ್ತಿತ್ತು. ಅತ್ತೆಗೆ ಮಂಡಿ ನೋವು ಜಾಸ್ತಿಯಾಗಿ ಕೆಳಗೆ ಕೂತು ಏಳುವುದೇ ಕಷ್ಟವಾಗಿತ್ತು. ಅಡುಗೆಮನೆಗೆ ಹೊಸ ಕಪಾಟು ಮಾಡಿಸಬೇಕೆಂದು ನನಗೆ ಆಸೆ, ಮೊದಲು ಸಾಲ ತೀರಲಿ ಅಂತ ನಮ್ಮವರ ಹಟ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿದ ಮೇಲೆಯೇ ಜಗಳ ನಿಂತಿದ್ದು. ಆ ಹಾಳೆ ಬರೆಯುವುದು ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

1. ಸಾಲದ ಸ್ಟೇಟ್‌ಮೆಂಟ್ ತೆಗೆಸಿ

ಬಾಕಿ ಇರುವ ಅಸಲು ಎಷ್ಟು, ಇವತ್ತಿನ ಬಡ್ಡಿ ಎಷ್ಟು, ಇನ್ನೆಷ್ಟು ಕಂತು ಉಳಿದಿದೆ. ಈ ಮೂರು ಅಂಕಿ ಬೇಕು. ಮೂರನೆಯದನ್ನು ಚೆನ್ನಾಗಿ ನೋಡಿ. 2022ರ ಮೇ ತಿಂಗಳವರೆಗೆ ಶೇ 4 ಇದ್ದ ರೆಪೊ ದರ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರ) 2023ರ ಫೆಬ್ರುವರಿಗೆ ಶೇ 6.5ಕ್ಕೆ ಏರಿತು, ಅದರ ಜೊತೆಗೆ ಗೃಹಸಾಲದ ಬಡ್ಡಿಯೂ ಏರಿತು. ಆಗ ಎಷ್ಟೋ ಮನೆಗಳಲ್ಲಿ ಕಂತು ಮೊದಲಿನಷ್ಟೇ ಇತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ, ಆದರೆ ಸಾಲದ ಅವಧಿ ಮಾತ್ರ ವರ್ಷಗಟ್ಟಲೆ ಉದ್ದವಾಗಿತ್ತು. ಇದಕ್ಕಾಗಿಯೇ ಆರ್‌ಬಿಐ 2023ರ ಆಗಸ್ಟ್‌ನಲ್ಲಿ ನಿಯಮ ತಂದಿತು. ಬಡ್ಡಿ ಬದಲಾದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಸಾಲಗಾರರನ್ನು ಕೇಳಬೇಕು, ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಕೊಡಬೇಕು.

2025ರಲ್ಲಿ ರೆಪೊ ಇಳಿಯುತ್ತಾ ಬಂದು ಡಿಸೆಂಬರ್ ಹೊತ್ತಿಗೆ ಶೇ 5.25 ಆಯಿತು. ಅದು ನಿಮ್ಮ ಸಾಲಕ್ಕೂ ಬಂದಿದೆಯಾ ಅಂತ ನೋಡಿ. ಹಳೆಯ ಸಾಲವಾದರೆ ಹೊಸಬರಿಗೆ ಕೊಡುವ ದರಕ್ಕಿಂತ ನಿಮ್ಮದು ಜಾಸ್ತಿ ಇರಬಹುದು. ಒಂದು ಅರ್ಜಿ ಬರೆದು, ಬ್ಯಾಂಕ್ ಕೇಳುವ ಶುಲ್ಕ ಕಟ್ಟಿದರೆ ದರ ಇಳಿಸುತ್ತಾರೆ. ಇಳಿದಾಗ ಕಂತು ಕಡಿಮೆ ಮಾಡಿ ಅಂತ ಮಾತ್ರ ಕೇಳಬೇಡಿ. ಕಂತು ಇದ್ದಷ್ಟೇ ಇರಲಿ, ಅವಧಿ ಇಳಿಯಲಿ.

2. ಮನೆ ಕೆಲಸವನ್ನು ಮೂರು ಭಾಗ ಮಾಡಿ

ತಡ ಮಾಡಿದರೆ ಖರ್ಚು ಬೆಳೆಯುವ ಕೆಲಸ ಒಂದು ಕಡೆ. ಮನೆಯವರ ಮೈಗೆ, ಜೀವಕ್ಕೆ ಸಂಬಂಧಿಸಿದ ಕೆಲಸ ಇನ್ನೊಂದು ಕಡೆ. ಚೆಂದಕ್ಕೆ, ಅನುಕೂಲಕ್ಕೆ ಮಾಡಿಸುವುದು ಮೂರನೆಯದು.

ಸೋರುವ ತಾರಸಿ ಮೊದಲನೆಯ ಭಾಗದ್ದು. ನೀರು ಒಳಗಿನ ಕಬ್ಬಿಣಕ್ಕೆ ತಲುಪಿದರೆ ಕಂಬಿ ತುಕ್ಕು ಹಿಡಿದು ಊದುತ್ತದೆ, ಊದಿದ ಕಂಬಿ ಕಾಂಕ್ರೀಟನ್ನು ಒಡೆಯುತ್ತದೆ, ಆಮೇಲೆ ಚಕ್ಕೆ ಚಕ್ಕೆಯಾಗಿ ಕೆಳಗೆ ಬೀಳುತ್ತದೆ. ಬಿರುಕು ತುಂಬಿ ವಾಟರ್‌ಪ್ರೂಫಿಂಗ್ ಮಾಡಿಸುವ ಖರ್ಚಿಗೂ ಆ ಹಂತದ ರಿಪೇರಿಯ ಖರ್ಚಿಗೂ ಹೋಲಿಕೆಯೇ ಇಲ್ಲ. ಶಾಕ್ ಹೊಡೆಯುವ ಹಳೆ ವೈರಿಂಗ್, ವಯಸ್ಸಾದವರಿಗೆ ಕಮೋಡ್, ಬಚ್ಚಲಲ್ಲಿ ಜಾರದ ಟೈಲ್ಸ್, ಗೋಡೆಗೊಂದು ಹಿಡಿಕೆ, ಇವೆಲ್ಲ ಎರಡನೆಯ ಭಾಗ. ಈ ಎರಡೂ ಭಾಗದ ಕೆಲಸ ಸಾಲಕ್ಕಿಂತ ಮೊದಲು ಆಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಉಳಿಸಿದ ಬಡ್ಡಿಯೆಲ್ಲ ಆಸ್ಪತ್ರೆಗೆ ಹೋಗುತ್ತದೆ. ಆ ನೋವಿಗಂತೂ ಬೆಲೆ ಕಟ್ಟಲಾಗದು. ನಾವು ಅತ್ತೆಯ ಬಚ್ಚಲು ಸರಿಮಾಡಿಸಲು ಒಂದು ವರ್ಷ ಮುಂದೂಡಿದೆವು. ಅವರು ಬೀಳಲಿಲ್ಲ, ನಿಜ. ಆದರೆ ಆ ವರ್ಷವೆಲ್ಲ ರಾತ್ರಿ ನೀರು ಕುಡಿಯುವುದನ್ನೇ ಬಿಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಕಿಚನ್, ಹೊಸ ಬಣ್ಣ ಕಾಯಬಹುದು. ಸೋಲಾರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಆದರೆ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಈಗಾಗಲೇ ಸೊನ್ನೆ ಬರುತ್ತಿದ್ದರೆ ಅವಸರ ಬೇಡ, ಆ ದುಡ್ಡು ಸಾಲಕ್ಕೆ ಹೋಗಲಿ.

3. ಆಪತ್ತಿನ ದುಡ್ಡನ್ನು ಮುಟ್ಟಬೇಡಿ

ಆರು ತಿಂಗಳ ಕಂತು ಮತ್ತು ಮನೆಖರ್ಚು ಬೇರೆ ಇರಲಿ. ಸಾಲಕ್ಕೆ ಕಟ್ಟಿದ ದುಡ್ಡನ್ನು ಬ್ಯಾಂಕ್ ವಾಪಸ್ ಕೊಡುವುದಿಲ್ಲ, ಬೇಕಾದರೆ ಇನ್ನೊಂದು ಸಾಲ ಕೊಡುತ್ತದೆ. ಕ್ರೆಡಿಟ್ ಕಾರ್ಡ್ ಬಾಕಿ, ಪರ್ಸನಲ್ ಲೋನ್ ಇದ್ದರೆ ಮೊದಲು ಅವು ತೀರಲಿ. ಅವುಗಳ ಬಡ್ಡಿ ಗೃಹಸಾಲಕ್ಕಿಂತ ತುಂಬಾ ಮೇಲಿರುತ್ತದೆ.

4. ಬೇಗ ಕಟ್ಟಿ, ಅವಧಿ ಇಳಿಸಿ ಅಂತ ಬರೆದುಕೊಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 30 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂತಿಟ್ಟುಕೊಳ್ಳಿ. ಕಂತು 26,035 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 21,250 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 4,785 ಮಾತ್ರ. 20 ವರ್ಷ ಹೀಗೇ ಕಟ್ಟಿದರೆ ಬಡ್ಡಿಯೇ ಸುಮಾರು 32.5 ಲಕ್ಷ.

ಮೂರು ವರ್ಷ ಮುಗಿದಾಗ 2 ಲಕ್ಷ ಹೆಚ್ಚುವರಿ ಕಟ್ಟಿದಿರಿ ಅನ್ನಿ. 29 ಕಂತು ಕಡಿಮೆಯಾಗುತ್ತದೆ, ಬಡ್ಡಿಯಲ್ಲಿ ಸುಮಾರು 5.6 ಲಕ್ಷ ಉಳಿಯುತ್ತದೆ. ಅದೇ 2 ಲಕ್ಷವನ್ನು 15 ವರ್ಷ ಮುಗಿದ ಮೇಲೆ ಕಟ್ಟಿದರೆ ಉಳಿಯುವುದು ಒಂದು ಲಕ್ಷಕ್ಕೂ ಕಡಿಮೆ. ಹಾಗಾಗಿ ಸಾಲದ ಮೊದಲ ವರ್ಷಗಳಲ್ಲಿ ಚೆಂದದ ಕೆಲಸ ಕಾಯಲಿ, ಕೊನೆಯ ವರ್ಷಗಳಲ್ಲಾದರೆ ಅಡುಗೆಮನೆ ಮಾಡಿಸಿಕೊಳ್ಳಿ, ದೊಡ್ಡ ನಷ್ಟವಿಲ್ಲ.

ದೊಡ್ಡ ಮೊತ್ತ ಇಲ್ಲದಿದ್ದರೂ ಚಿಂತೆ ಇಲ್ಲ. ಮೊದಲ ವರ್ಷದಿಂದಲೇ ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟಿದರೆ ಇದೇ ಸಾಲ 16 ವರ್ಷ 9 ತಿಂಗಳಿಗೆ ಮುಗಿಯುತ್ತದೆ, ಸುಮಾರು 6 ಲಕ್ಷ ಬಡ್ಡಿ ಉಳಿಯುತ್ತದೆ. ಬೋನಸ್ಸೋ, ಡಿಎ ಬಾಕಿಯೋ, ಊರಿನ ಅಡಿಕೆ ದುಡ್ಡೋ, ಚೀಟಿ ಎತ್ತಿದ್ದೋ, ಯಾವುದಾದರೂ ಆದೀತು.

ಈಗ ಮುಖ್ಯವಾದ ಮಾತು. ನಾವು ಮೊದಲ ಸಲ ಹೆಚ್ಚುವರಿ ಕಟ್ಟಿದಾಗ ಶಾಖೆಯಲ್ಲಿ ಏನನ್ನೂ ಕೇಳದೆ ಕಂತನ್ನು ಇಳಿಸಿದರು, ಅವಧಿ ಹಾಗೇ ಉಳಿಯಿತು. ಕಂತು ಕಡಿಮೆಯಾಯಿತಲ್ಲ ಅಂತ ಖುಷಿಪಟ್ಟೆವು. ಮೇಲಿನ ಲೆಕ್ಕದಲ್ಲೇ ನೋಡಿ. ಮೂರು ವರ್ಷಕ್ಕೆ 2 ಲಕ್ಷ ಕಟ್ಟಿ ಕಂತು ಇಳಿಸಿಕೊಂಡರೆ ತಿಂಗಳಿಗೆ 1,857 ರೂಪಾಯಿ ಕಡಿಮೆಯಾಗುತ್ತದೆ, ಆದರೆ ಒಟ್ಟು ಉಳಿಯುವ ಬಡ್ಡಿ 1.8 ಲಕ್ಷ ಮಾತ್ರ. 5.6 ಎಲ್ಲಿ, 1.8 ಎಲ್ಲಿ! ಅದಕ್ಕೇ ‘ಕಂತು ಇದ್ದಷ್ಟೇ ಇರಲಿ, ಅವಧಿ ಕಡಿಮೆ ಮಾಡಿ’ ಎಂದು ಬರೆದುಕೊಡಿ, ನಕಲಿಗೆ ಸೀಲ್ ಹಾಕಿಸಿಕೊಳ್ಳಿ, ಮುಂದಿನ ತಿಂಗಳು ಸ್ಟೇಟ್‌ಮೆಂಟ್ ನೋಡಿ.

ಬದಲಾಗುವ ಬಡ್ಡಿಯ ಗೃಹಸಾಲವನ್ನು ವೈಯಕ್ತಿಕವಾಗಿ ಪಡೆದವರಿಗೆ ಮುಂಚಿತ ಪಾವತಿಗೆ ದಂಡ ಹಾಕುವ ಹಾಗಿಲ್ಲ. ಸ್ಥಿರ ಬಡ್ಡಿಯ ಸಾಲವಾದರೆ ಕರಾರು ಪತ್ರ ಓದಿಯೇ ಮುಂದುವರಿಯಿರಿ.

5. ಕೂಡಿಡುವ ದುಡ್ಡು ಸುಮ್ನೆ ಕೂರದಿರಲಿ

ತಾರಸಿಗೆ ಅಂತ ಆರೇಳು ತಿಂಗಳು ಕೂಡಿಡುತ್ತೇವೆ. ಅದು ಉಳಿತಾಯ ಖಾತೆಯಲ್ಲಿ ಪುಡಿಗಾಸಿನ ಬಡ್ಡಿಗೆ ಬಿದ್ದಿರುತ್ತದೆ, ಇತ್ತ ಸಾಲಕ್ಕೆ ನಾವು ಅದರ ಎಷ್ಟೋ ಪಟ್ಟು ಕಟ್ಟುತ್ತಿರುತ್ತೇವೆ. ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಇದಕ್ಕೆ ಒಳ್ಳೆಯ ಉಪಾಯ. ಎಸ್‌ಬಿಐನ ಮ್ಯಾಕ್ಸ್‌ಗೇನ್ ಇಂಥದ್ದೇ, ಬೇರೆ ಬ್ಯಾಂಕುಗಳಲ್ಲೂ ಇದೆ. ಹೆಚ್ಚುವರಿ ದುಡ್ಡನ್ನು ಸಾಲದ ಖಾತೆಯಲ್ಲೇ ಇಟ್ಟರೆ ಅಷ್ಟು ದಿನ ಅಷ್ಟು ಮೊತ್ತಕ್ಕೆ ಬಡ್ಡಿ ಬೀಳುವುದಿಲ್ಲ, ಮೇಸ್ತ್ರಿ ಬಂದ ದಿನ ತೆಗೆದು ಕೊಡಬಹುದು. ಬಡ್ಡಿ ದರ ಸಾದಾ ಸಾಲಕ್ಕಿಂತ ತುಸು ಹೆಚ್ಚಿರಬಹುದು. ಸುಲಭವಾಗಿ ತೆಗೆಯಬಹುದಲ್ಲ ಅಂತ ಹಬ್ಬಕ್ಕೊಮ್ಮೆ ಕೈಹಾಕುವವರಿಗೆ ಇದು ಬೇಡ.

6. ಟಾಪ್‌ಅಪ್ ಸಾಲ ಬೇಕೇ ಬೇಕಾದರೆ

ತಾರಸಿಯೋ ಬಚ್ಚಲೋ ಕಾಯುವ ಸ್ಥಿತಿಯಲ್ಲಿಲ್ಲ, ಕೈಯಲ್ಲಿ ದುಡ್ಡಿಲ್ಲ. ಆಗ ಪರ್ಸನಲ್ ಲೋನ್‌ಗಿಂತ ಟಾಪ್‌ಅಪ್, ಅಂದರೆ ಇರುವ ಗೃಹಸಾಲದ ಮೇಲೆಯೇ ಪಡೆಯುವ ಹೆಚ್ಚುವರಿ ಸಾಲ, ಅಗ್ಗ. ಅದರ ಅವಧಿಯನ್ನು ಮಾತ್ರ ಚಿಕ್ಕದಾಗಿಡಿ. ಶೇ 9ರಂತೆ 3 ಲಕ್ಷವನ್ನು 5 ವರ್ಷಕ್ಕೆ ತೆಗೆದುಕೊಂಡರೆ ಬಡ್ಡಿ ಸುಮಾರು 74,000, 15 ವರ್ಷಕ್ಕಾದರೆ ಸುಮಾರು 2.5 ಲಕ್ಷ. ಇನ್ನೊಂದು ಮಹಡಿ ಏರಿಸುವುದು, ಭಾರ ಹೊರುವ ಗೋಡೆ ಒಡೆಯುವುದು ಇದ್ದರೆ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು. ಮನೆ ಅಡಮಾನದಲ್ಲಿರುವುದರಿಂದ ಬ್ಯಾಂಕನ್ನೂ ಕೇಳಿ.

7. ತೆರಿಗೆಗಾಗಿ ಸಾಲ ಉಳಿಸಿಕೊಳ್ಳಬೇಡಿ

ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಅದು ಇಲ್ಲವೇ ಇಲ್ಲ. ಹಳೆಯ ಪದ್ಧತಿಯಲ್ಲಿದ್ದರೂ ಶೇ 30ರ ಹಂತದವರು 1 ಲಕ್ಷ ಬಡ್ಡಿ ಕಟ್ಟಿ ಉಳಿಸುವುದು 30 ಸಾವಿರ ಚಿಲ್ಲರೆ. ಉಳಿದದ್ದು ಕೈಬಿಟ್ಟು ಹೋದ ಹಾಗೇ ಅಲ್ವಾ?

8. ಮೇಸ್ತ್ರಿ ಜೊತೆ ಮಾತಾಡುವಾಗ

ಇಬ್ಬರು ಮೂವರಿಂದ ಎಸ್ಟಿಮೇಟ್ ತೆಗೆದುಕೊಳ್ಳಿ. ಬರೀ ಕೂಲಿಯಾ, ಸಾಮಾನೂ ಸೇರಿಯಾ ಅಂತ ಕೇಳಿ ಬರೆಸಿಕೊಳ್ಳಿ. ಹೇಳಿದ ಮೊತ್ತದ ಮೇಲೆ ಶೇ 15ರಷ್ಟು ಬೇರೆ ತೆಗೆದಿಡಿ, ಹಳೆ ಗೋಡೆ ಒಡೆದಾಗ ಒಳಗಿನ ಪೈಪ್ ಕೊಳೆತಿರುವುದು ಹೊರಗಿನಿಂದ ಕಾಣುವುದಿಲ್ಲ. ಕೆಲಸ ಆದಷ್ಟಕ್ಕೆ ದುಡ್ಡು ಕೊಡಿ. ತಾರಸಿ ಕೆಲಸವನ್ನು ಶಿವರಾತ್ರಿ ಕಳೆದ ಮೇಲೆ ಶುರುಮಾಡಿ ಏಪ್ರಿಲ್ ಒಳಗೆ ಮುಗಿಸಿ. ಮುಗಿದ ಮೇಲೆ ಸುತ್ತ ಸಣ್ಣ ಕಟ್ಟೆ ಕಟ್ಟಿ ಎರಡು ದಿನ ನೀರು ನಿಲ್ಲಿಸಿ, ಕೆಳಗಿನಿಂದ ತೇವ ಕಾಣದಿದ್ದರೆ ಮಾತ್ರ ಕೊನೆಯ ಕಂತು. ನಮ್ಮ ಮೆಟ್ಟಿಲ ಮೂಲೆಯಲ್ಲಿ ಮೊದಲ ಸಲ ನೀರು ನಿಲ್ಲಿಸಿದಾಗ ತೇವ ಕಾಣಿಸಿತು. ದುಡ್ಡು ಬಾಕಿ ಇತ್ತು, ಮೇಸ್ತ್ರಿ ಮರುದಿನವೇ ಬಂದು ಸರಿಮಾಡಿದರು.

9. ಸಾಲ ತೀರಿದ ದಿನ

ಕೊನೆಯ ಮೊತ್ತ ಎಷ್ಟು ಅಂತ ಮುಂಚೆಯೇ ಲಿಖಿತವಾಗಿ ಪಡೆದು ಕಟ್ಟಿ. ಬಾಕಿ ಇಲ್ಲ ಎಂಬ ಪತ್ರ, ಭದ್ರತೆಗೆ ಕೊಟ್ಟ ಚೆಕ್ಕುಗಳು, ಮೂಲ ದಾಖಲೆಗಳು ವಾಪಸ್ ಬರಬೇಕು. ಪೂರ್ತಿ ತೀರಿಸಿದ 30 ದಿನದೊಳಗೆ ದಾಖಲೆ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ಕೊಡುವಾಗ ಬ್ಯಾಂಕ್ ಕೊಟ್ಟ ದಾಖಲೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಾಳೆ ಹಾಳೆ ಎಣಿಸಿ, ಆಮೇಲೆ ಸಹಿ ಹಾಕಿ.

ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ಅಡಮಾನ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಅದನ್ನು ಬಿಡುಗಡೆ ಮಾಡಿಸುವ ಪತ್ರವೂ ಅಲ್ಲೇ ನೋಂದಣಿಯಾಗಬೇಕು. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇ.ಸಿ. (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ, ಬಿಡುಗಡೆಯ ವಿವರ ಬಂದಿದೆಯಾ ನೋಡಿ. ಬಂದಿರದಿದ್ದರೆ ಇವತ್ತೇ ಹೋಗಿ ಕೇಳಿ. ಹತ್ತು ವರ್ಷ ಬಿಟ್ಟು ಮಕ್ಕಳು ಕೇಳುವ ಹೊತ್ತಿಗೆ ಆ ಶಾಖೆ ಬೇರೆ ಕಡೆ ಹೋಗಿರಬಹುದು.