ಮಲೆನಾಡಿನ ಅಂಗಳಕ್ಕೆ ಇಂಟರ್‌ಲಾಕ್ ಹಾಸುವ ಕ್ರಮ: ನನ್ನ ಅನುಭವ

ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ ಕಡೆ ಹಾಸಿದ ಇಂಟರ್‌ಲಾಕ್ (ಒಂದಕ್ಕೊಂದು ಕೂಡಿಸಿ ಹಾಸುವ ಕಾಂಕ್ರೀಟ್ ಕಲ್ಲು) ಅಂಗಳ ಎರಡನೇ ಮಳೆಗಾಲಕ್ಕೇ ಅಲ್ಲಲ್ಲಿ ತಗ್ಗಾದರೆ ಎಲ್ಲರೂ ಮೊದಲು ಬೈಯುವುದು ಕಲ್ಲನ್ನು. ಪುಷ್ಯ ಮಳೆ ಹೊಯ್ಯುವಾಗ ತಗ್ಗಾದ ಜಾಗದಲ್ಲಿ ಒಂದು ಕಲ್ಲು ಎಬ್ಬಿಸಿ ನೋಡಿ. ಕಲ್ಲು ಗಟ್ಟಿಯಾಗೇ ಇರುತ್ತದೆ. ಅಡಿಯ ಜಲ್ಲಿಪುಡಿ ಬೂದು ಗಂಜಿಯಂತಾಗಿರುತ್ತದೆ. ಪಕ್ಕದ ಕಲ್ಲಿನ ಮೇಲೆ ಕಾಲಿಟ್ಟರೆ ಸಂದಿನಿಂದ ಉಕ್ಕುತ್ತದೆ. ಅಡಿಗೆ ಇಳಿದ ನೀರಿಗೆ ಹೊರಗೆ ಹೋಗಲು ದಾರಿ ಇಟ್ಟಿರುವುದಿಲ್ಲ. ನನ್ನ ಕೆಲಸದ ಮುಕ್ಕಾಲು ಪಾಲು ಈ ದಾರಿ ಮಾಡುವುದರಲ್ಲೇ ಹೋಗುತ್ತದೆ.

ಪಿಕಪ್ ಬಂದು ನಿಲ್ಲುವ 10 ಮೀಟರ್ ಉದ್ದ, 6 ಮೀಟರ್ ಅಗಲದ ಅಂಗಳದ ಲೆಕ್ಕ ಹೇಳುತ್ತೇನೆ. ವೆಟ್‌ಮಿಕ್ಸ್ (ದಪ್ಪ-ಸಣ್ಣ ಜಲ್ಲಿ, ಜಲ್ಲಿಪುಡಿ, ನೀರು ಕಲಸಿದ ಮಿಶ್ರಣ) 20 ಸೆಂ.ಮೀ., ಮರಳು 3, ಕಲ್ಲು 8, ಒಟ್ಟು 31 ಸೆಂ.ಮೀ. ಅಗೆಯಬೇಕು. ಕರಿಮಣ್ಣು, ಬೇರು ಏನೂ ಉಳಿಯಬಾರದು. ಧರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ಕಡಿದ ಮಣ್ಣನ್ನು ತುಂಬಿ ಮಾಡಿದ ಜಾಗವಾದರೆ ಒಂದು ಮಳೆಗಾಲ ಹಾಗೇ ಬಿಟ್ಟು, ಇಳಿಯುವಷ್ಟು ಇಳಿದ ಮೇಲೆ ಕೆಲಸ ಹಿಡಿಯುವುದು ಒಳ್ಳೆಯದು.

ಇಳಿಜಾರು ಮೀಟರಿಗೆ 2 ಸೆಂ.ಮೀ., ಅಂದರೆ ಮನೆಯ ಕಡೆಯಿಂದ ಆಚೆ ಅಂಚಿಗೆ 12 ಸೆಂ.ಮೀ. ನೀರು ತುಂಬಿದ ಲೆವೆಲ್ ಪೈಪಿನಲ್ಲಿ ಗುರುತು ಮಾಡಿ ದಾರ ಕಟ್ಟುತ್ತೇನೆ. ಅಗೆದ ನೆಲಕ್ಕೂ ಇದೇ ಇಳಿಜಾರು ಬೇಕು. ಅಡಿ ಬಾಣಲೆಯಂತೆ ಇದ್ದು ಮೇಲೆ ಮಾತ್ರ ಓರೆ ಕೊಟ್ಟ ಅಂಗಳಗಳು ಬೇಕಾದಷ್ಟಿವೆ. ಅವು ಆರಿದ್ರಾದಿಂದ ಆಶ್ಲೇಷದವರೆಗೂ ಒಳಗೆ ನೀರು ತುಂಬಿಕೊಂಡೇ ಇರುತ್ತವೆ.

ಹಿಂದೆ ಧರೆ ಇದ್ದರೆ ಅದರ ಬುಡದಲ್ಲಿ ಅಂಗಳದ ಅಗೆತಕ್ಕಿಂತ ಒಂದು ಗೇಣು ಆಳವಾದ ಚರಂಡಿ ಮೊದಲು ಆಗಬೇಕು. ಜುಲೈಯಲ್ಲಿ ಧರೆಯಿಂದ ಬರುವ ಒಸರು ನೀರು ಕಲ್ಲಿನಡಿಗೆ ನುಗ್ಗಿದರೆ ಉಳಿದ ಯಾವ ಜಾಗ್ರತೆಯೂ ಕೆಲಸಕ್ಕೆ ಬರುವುದಿಲ್ಲ.

ನೆಲ ಜೇಡಿಯಾದರೆ ಮೊದಲು ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ, ಜೋಡಣೆಯಲ್ಲಿ 30 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಮಾಡಿ. ಇಲ್ಲದಿದ್ದರೆ ಗಾಡಿಯ ಭಾರಕ್ಕೆ ಜಲ್ಲಿ ಕೆಸರಿಗೆ ಇಳಿಯುತ್ತದೆ, ಕೆಸರು ಮೇಲೇರುತ್ತದೆ. ವೆಟ್‌ಮಿಕ್ಸ್ ಸುಮಾರು 550 ಸಿಎಫ್‌ಟಿ (ಘನ ಅಡಿ) ಬೇಕು. ದಮ್ಮಸ್ಸಿಗೆ ಕುಗ್ಗುವ ಪ್ರಮಾಣವೂ ಇದರಲ್ಲಿ ಸೇರಿದೆ. ಮೂರು ಪದರವಾಗಿ ಹರಡಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ಪ್ಲೇಟ್ ಕಾಂಪ್ಯಾಕ್ಟರ್ (ಬಡಿದು ಬಿಗಿ ಮಾಡುವ ಯಂತ್ರ) ಓಡಿಸುತ್ತೇನೆ. 20 ಸೆಂ.ಮೀ. ಒಟ್ಟಿಗೇ ಹಾಕಿ ಬಡಿದರೆ ಮೇಲಿನದು ಮಾತ್ರ ಬಿಗಿಯುತ್ತದೆ, ಅಡಿಯದು ಸಡಿಲವಾಗೇ ಉಳಿಯುತ್ತದೆ. ವೆಟ್‌ಮಿಕ್ಸ್ ಬದಲು ಬರೀ 40 ಎಂಎಂ ಜಲ್ಲಿ ಹಾಕಿ ಅದರ ಮೇಲೆ ಮರಳು ಹರಡುವುದೂ ತಪ್ಪು. ಮಳೆ ನೀರಿನೊಂದಿಗೆ ಮರಳು ಜಲ್ಲಿಯ ಸಂದಿಗೆ ಇಳಿದು ಕಲ್ಲು ಕುಸಿಯುತ್ತದೆ.

ಇನ್ನು ಅಂಚು. ಸುತ್ತ 10 ಸೆಂ.ಮೀ. ಅಗಲಕ್ಕೆ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಕಟ್ಟೆ ಕಟ್ಟದಿದ್ದರೆ ಕಲ್ಲು ಹೊರಗೆ ಸರಿಯುತ್ತದೆ. ಹಾಗೆಂದು ಪೂರ್ತಿ ಮುಚ್ಚಿ ಕಟ್ಟಿದರೆ ಅದೇ ತೊಟ್ಟಿಯ ಗೋಡೆಯಾಗುತ್ತದೆ. ತಗ್ಗಿನ ಅಂಚಿನಲ್ಲಿ ಮೀಟರಿಗೊಂದರಂತೆ 20 ಎಂಎಂ ಪಿವಿಸಿ ಪೈಪಿನ ತುಂಡು ಇಡುತ್ತೇನೆ. ಪೈಪಿನ ಅಡಿ ವೆಟ್‌ಮಿಕ್ಸ್‌ನ ಮೇಲ್ಮಟ್ಟಕ್ಕೆ ಸರಿಯಾಗಿ ಕೂರಬೇಕು, ಎರಡು ಬೆರಳು ಮೇಲಾದರೂ ನೀರು ಒಳಗೇ ಉಳಿಯುತ್ತದೆ. ಒಳತುದಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆಯ ತುಂಡು ಕಟ್ಟಿದರೆ ಮರಳು ಹೋಗುವುದಿಲ್ಲ. ಮಳೆ ನಿಂತ ಮೇಲೂ ಈ ತೂತುಗಳಿಂದ ತಿಳಿನೀರು ಬಹಳ ಹೊತ್ತು ತೊಟ್ಟಿಕ್ಕುತ್ತದೆ. ಇಲ್ಲದಿದ್ದರೆ ಆ ನೀರೆಲ್ಲ ಕಲ್ಲಿನಡಿಯಲ್ಲೇ ಇರುತ್ತಿತ್ತು.

ಕಲ್ಲಿನಡಿಯ ಮರಳಿನ ಹಾಸಿಗೆಗೆ ಜಲ್ಲಿಪುಡಿ ಬೇಡ, ಕಾಂಕ್ರೀಟಿಗೆ ಬಳಸುವ ದಪ್ಪ ಎಂ-ಸ್ಯಾಂಡ್ (ಯಂತ್ರದಲ್ಲಿ ಕಲ್ಲು ಒಡೆದು ಮಾಡಿದ ಮರಳು) ಬೇಕು. 80 ಸಿಎಫ್‌ಟಿ ಸಾಕು. ಗಾಜಿನ ಬಾಟಲಿಯಲ್ಲಿ ಮರಳು, ನೀರು ಹಾಕಿ ಕುಲುಕಿ ಇಟ್ಟರೆ ಹುಡಿ ಮೇಲೆ ಬೇರೆ ಪದರವಾಗಿ ಕೂರುತ್ತದೆ. ಆ ಪದರ ದಪ್ಪವಿದ್ದರೆ ಲೋಡ್ ವಾಪಸ್ ಕಳಿಸಿ. ಎರಡು ಜಿಐ ಪೈಪು ಇಟ್ಟು, ಮೇಲೆ ಅಲ್ಯೂಮಿನಿಯಂ ಪಟ್ಟಿ ಎಳೆದು ಮಟ್ಟ ಮಾಡಿ. ತಗ್ಗು ಸರಿಮಾಡಲು ಮರಳನ್ನೇ ದಪ್ಪ ಹಾಕುವ ಅಭ್ಯಾಸ ಕೆಟ್ಟದ್ದು. ತಗ್ಗನ್ನು ವೆಟ್‌ಮಿಕ್ಸ್‌ನಲ್ಲೇ ಸರಿಮಾಡಿಕೊಳ್ಳಬೇಕು.

ಕಲ್ಲು 80 ಎಂಎಂ ದಪ್ಪ, ಎಂ-40 (ಕಾಂಕ್ರೀಟಿನ ಗಟ್ಟಿತನದ ದರ್ಜೆ), ಒಡೆತ ಸೇರಿ 680 ಚದರ ಅಡಿ. ಬಿಸಿಲಲ್ಲಿ ಚೆನ್ನಾಗಿ ಒಣಗಿದ ಒಂದನ್ನು ತೂಗಿ, ಒಂದು ದಿನ ನೀರಲ್ಲಿಟ್ಟು ಮತ್ತೆ ತೂಗಿ. 4 ಕೆಜಿಯ ಕಲ್ಲು 240 ಗ್ರಾಮಿಗಿಂತ ಹೆಚ್ಚು ನೀರು ಕುಡಿದರೆ ಅಂಥ ಕಲ್ಲು ತರಬೇಡಿ. ಹೊಳೆಯುವ ನುಣುಪು ಕಲ್ಲು ನೋಡಲು ಚೆಂದ, ಆದರೆ ಹಾವಸೆ ಹಿಡಿದರೆ ವಯಸ್ಸಾದವರು ಜಾರಿ ಬೀಳುತ್ತಾರೆ. ಒರಟು ಮುಖದ್ದೇ ಇರಲಿ. ಸಂದು 3 ಎಂಎಂ. ಅದಕ್ಕೆ ಒಣ ಸಣ್ಣ ಮರಳು ಗುಡಿಸಿ, ಕಾಂಪ್ಯಾಕ್ಟರ್ ಓಡಿಸಿ, ಮತ್ತೆ ಗುಡಿಸಿ. ಮರಳಿನ ಬದಲು ಸಂದಿಗೆ ಸಿಮೆಂಟ್ ಹಾಲು ಸುರಿದರೆ ಬಿರುಕಿನಲ್ಲಿ ನೀರು ಇಳಿಯುತ್ತದೆ, ಆವಿಯಾಗಿ ಏಳಲು ಮಾತ್ರ ಬಿಡುವುದಿಲ್ಲ. ಮರಳು ಒದ್ದೆಯಾದರೆ ಸಂದಿಗೆ ಇಳಿಯುವುದೇ ಇಲ್ಲ. ಹಾಗಾಗಿ ಭರಣಿ ಮಳೆಗೆ ಮುಂಚೆ ಎಲ್ಲ ಮುಗಿದಿರಬೇಕು.

ಸೂರಿನ ನೀರು ಬೀಳುವ ಸಾಲಿನಲ್ಲಿ ಇಂಟರ್‌ಲಾಕ್ ಹಾಸುವುದೇ ಇಲ್ಲ. ಹೆಂಚಿನಿಂದ ಧಾರೆಯಾಗಿ ಬೀಳುವ ನೀರು ಸಂದಿನ ಮರಳನ್ನೆಲ್ಲ ಕೊರೆದು ತೆಗೆಯುತ್ತದೆ. ಅಲ್ಲಿ ಒಂದೂವರೆ ಅಡಿ ಅಗಲಕ್ಕೆ ಗ್ರಾನೈಟ್ ಚಪ್ಪಡಿಯನ್ನು ಕಾಂಕ್ರೀಟಿನ ಮೇಲೆ ಕೂರಿಸಿ, ನೀರು ಪಕ್ಕದ ಚರಂಡಿಗೆ ಹೋಗುವಂತೆ ಓರೆ ಕೊಡುತ್ತೇನೆ.

ಮೊದಲ ಮಳೆಗಾಲ ಕಳೆದ ಮೇಲೆ, ಅಡಿಕೆ ಒಣಗಿಸಲು ಅಂಗಳ ಬೇಕಾಗುವ ಮುಂಚೆ, ಸಂದುಗಳಿಗೆ ಇನ್ನೊಮ್ಮೆ ಮರಳು ತುಂಬಿ. ಪ್ರತಿ ವರ್ಷ ಮೇ ಕೊನೆಯಲ್ಲಿ ಅಂಚಿನ ಪೈಪುಗಳಿಗೆ ಒಂದು ತೆಳು ಕಡ್ಡಿ ಮೆಲ್ಲಗೆ ಹಾಕಿ ನೋಡಿ. ಕಣಜದ ಹುಳ ಮಣ್ಣಿನ ಗೂಡು ಕಟ್ಟಿ ಮುಚ್ಚಿಬಿಟ್ಟಿರುತ್ತದೆ.